80 ಗ್ರಾಂ ಎಣ್ಣೆ, ಆರು ವಾರ ಮತ್ತು ನನ್ನ ಮೊದಲ ಸೋಪು

ಸೋಪಿಗೆ ಬೇಕಾಗುವುದು ಮೂರೇ ಸಾಮಾನು. ಎಣ್ಣೆ, ನೀರು, ಕ್ಷಾರ. ಇಷ್ಟೇ ಆಗಿದ್ದರೆ ಮನೆಯಲ್ಲಿ ಯಾಕೆ ಮಾಡಬಾರದು ಅನ್ನಿಸಿ ಶುರು ಮಾಡಿದೆ. ಮನಸ್ಸಿಗೆ ಒಪ್ಪುವ ಒಂದು ಸೋಪು ಕೈಗೆ ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ಆ ನಾಲ್ಕು ತಿಂಗಳಲ್ಲಿ ಏನೇನಾಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಮಾಡಿದ ತಪ್ಪು ತುಂಬಾ ಸಣ್ಣದು, ಯಾರು ಬೇಕಾದರೂ ಮಾಡಬಹುದಾದದ್ದು.

ಮೊದಲು ಆ ಕ್ಷಾರವನ್ನು ಬೂದಿಯಿಂದಲೇ ತೆಗೆದು ಮಾಡಬೇಕು ಅನ್ನುವ ಹಠ ಇತ್ತು. ಹಳೆಯ ಕಾಲದವರು ಹಾಗೇ ಮಾಡುತ್ತಿದ್ದರು ಅಲ್ವಾ, ನಮ್ಮಿಂದ ಯಾಕಾಗಲ್ಲ ಅಂತ. ಗಟ್ಟಿ ಜಾತಿಯ ಮರ ಸುಟ್ಟ ಬೂದಿ ಬೇಕು. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ಕು, ಕಸ ಸುಟ್ಟ ಬೂದಿ ಬೇಡವೇ ಬೇಡ. ಬೂದಿಯನ್ನು ಜರಡಿ ಹಿಡಿದು ಇದ್ದಿಲ ಚೂರನ್ನೆಲ್ಲ ತೆಗೆದೆ. ಒಂದು ಪ್ಲಾಸ್ಟಿಕ್ ಬಕೆಟ್ಟಿನ ತಳಕ್ಕೆ ನಾಲ್ಕು ತೂತು ಮಾಡಿ, ಅದರ ಮೇಲೆ ಸಣ್ಣ ಕಲ್ಲು, ಆಮೇಲೆ ಒಣಹುಲ್ಲು, ಅದರ ಮೇಲೆ ಹಳೆ ಬಟ್ಟೆ, ಅದರ ಮೇಲೆ ಬೂದಿ. ಕೆಳಗೆ ಇನ್ನೊಂದು ಬಕೆಟ್. ಮೇಲಿನಿಂದ ಸ್ವಲ್ಪ ಸ್ವಲ್ಪವೇ ಮಳೆ ನೀರು ಹಾಕುತ್ತಾ ಬಂದೆ. ಮಳೆ ನೀರೇ ಯಾಕೆ ಅಂದರೆ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ, ಅವು ಸೋಪಿನ ಜೊತೆ ಸೇರಿ ಬಿಳಿ ಗಷ್ಟಾಗಿ ಕೂತುಬಿಡುತ್ತವೆ. ಬಕೆಟ್ಟಿನ ಅಂಚಿಗೆ ಕೂರುವ ಆ ಜಿಗುಟು ಪದರ ನೋಡಿರುತ್ತೀರಲ್ಲ, ಅದೇ.

ಸುಮಾರು ಒಂದು ಗಂಟೆ ಏನೂ ಬರಲಿಲ್ಲ. ಆಮೇಲೆ ಒಂದೊಂದೇ ಹನಿ. ಡಿಕಾಕ್ಷನ್‌ಗೆ ನೀರು ಬೆರೆಸಿದ ಬಣ್ಣ. ಅದನ್ನೇ ಎತ್ತಿ ಮತ್ತೆ ಬೂದಿಯ ಮೇಲೆ ಸುರಿದೆ, ಹೀಗೆ ಮೂರು ಸಲ. ಇದರ ಕಸುವು ಎಷ್ಟಿದೆ ಅಂತ ನೋಡುವುದಕ್ಕೆ ಹಳಬರ ಉಪಾಯ ಮೊಟ್ಟೆ. ಹಸಿ ಮೊಟ್ಟೆಯನ್ನು ಮೆಲ್ಲಗೆ ಬಿಟ್ಟರೆ ಅದು ತೇಲಬೇಕು, ಮೇಲೆ ಒಂದು ನಾಣ್ಯದಷ್ಟು ಅಗಲ ಮಾತ್ರ ಕಾಣಬೇಕು. ನನ್ನ ಮೊಟ್ಟೆ ನೇರ ತಳಕ್ಕೆ ಹೋಗಿ ಕೂತಿತು. ನೀರು ಇನ್ನೂ ತೆಳು ಇತ್ತು. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಅರ್ಧಕ್ಕಿಂತ ಕಡಿಮೆ ಮಾಡಿ, ಆರಿಸಿ ಮತ್ತೆ ಬಿಟ್ಟಾಗ ತೇಲಿತು. ನಾಣ್ಯದಷ್ಟೇ ಕಂಡಿತು. ಅವತ್ತು ಆದ ಖುಷಿ ಈಗಲೂ ನೆನಪಿದೆ.

ಆ ನೀರು ಒಂದು ಹನಿ ಬೆರಳಿಗೆ ತಾಗಿತ್ತು. ಹೆಬ್ಬೆರಳಿಗೆ ಉಜ್ಜಿ ನೋಡಿದರೆ ನುಣುಪು, ಜಾರುತ್ತದೆ, ಆಗಲೇ ಸೋಪು ಹಚ್ಚಿದ ಹಾಗೆ. ಅದು ನಿಜಕ್ಕೂ ಸೋಪೇ. ನಮ್ಮ ಚರ್ಮದ ಎಣ್ಣೆಯನ್ನೇ ಕ್ಷಾರ ಹಿಡಿದು ಸೋಪು ಮಾಡಲು ಶುರು ಮಾಡಿರುತ್ತದೆ. ಗೊತ್ತಾದ ಕೂಡಲೇ ನಲ್ಲಿ ಕೆಳಗೆ ಕೈ ಹಿಡಿದೆ.

ಈ ಬೂದಿ ನೀರಿಗೆ ತೆಂಗಿನೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿದೆ. ಮಧ್ಯಾಹ್ನ ಪೂರ್ತಿ ಕಲಕಿದೆ. ಎಣ್ಣೆ ಎಣ್ಣೆಯ ಪಾಡಿಗೆ, ನೀರು ನೀರಿನ ಪಾಡಿಗೆ. ಸೌಟು ನಿಲ್ಲಿಸಿದರೆ ಎರಡು ನಿಮಿಷಕ್ಕೆ ಎಣ್ಣೆ ಮೇಲೆ ಬಂದು ನಿಲ್ಲುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಬೂದಿ ನೀರಿನಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ ಕಾರ್ಬೊನೇಟ್, ಅದು ತಾಜಾ ಎಣ್ಣೆಯನ್ನು ಒಡೆಯುವುದು ಬಹಳ ನಿಧಾನ. ಅದಕ್ಕೆ ಅರಳಿಸಿದ ಸುಣ್ಣ ಬೆರೆಸಿದರೆ ಸೀಮೆಸುಣ್ಣದಂಥ ಬಿಳಿ ಪುಡಿ ತಳಕ್ಕೆ ಕೂರುತ್ತದೆ, ಮೇಲೆ ನಿಲ್ಲುವ ತಿಳಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ನಿಜವಾದ ಖಡಕ್ ಕ್ಷಾರ. ಮರುದಿನ ಹಾಗೇ ಮಾಡಿದೆ. ತಿಳಿ ಬಸಿದು, ಎಣ್ಣೆ ಜೊತೆ ಇಟ್ಟೆ. ಮೂರು ಗಂಟೆ ಕಳೆಯುವಾಗ ಸೌಟಿಗೆ ಭಾರ ಸಿಗತೊಡಗಿತು. ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯಿತು. ರಾತ್ರಿ ಆರಿದ ಮೇಲೆ ಕಂದು ಬಣ್ಣದ ಜೆಲ್ಲಿ.

ಎಷ್ಟು ದಿನ ಬಿಟ್ಟರೂ ಅದು ಜೆಲ್ಲಿಯೇ. ಪೊಟ್ಯಾಸಿಯಂನ ಸೋಪು ಮೆತ್ತಗೇ ಇರುತ್ತದೆ, ಸೋಡಿಯಂನ ಸೋಪು ಗಟ್ಟಿಯಾಗುತ್ತದೆ. ಗಟ್ಟಿ ಮಾಡಬೇಕೆಂದರೆ ಉಪ್ಪು ಬೇಕು. ಸ್ವಲ್ಪ ಜೆಲ್ಲಿಯನ್ನು ಮತ್ತೆ ಬಿಸಿ ಮಾಡಿ ಗಟ್ಟಿ ಉಪ್ಪುನೀರು ಸುರಿದೆ, ನೋಡನೋಡುತ್ತಾ ಹಾಲು ಒಡೆದ ಹಾಗೆ ಒಡೆಯಿತು. ಬಿಳಿ ಬಿಳಿ ಗಂಟು ಮೇಲೆ ತೇಲಿತು, ಕೆಳಗೆ ಕಂದು ನೀರು. ಉಪ್ಪಿನ ಸೋಡಿಯಂ ಬಂದು ಪೊಟ್ಯಾಸಿಯಂನ ಜಾಗ ಹಿಡಿಯುತ್ತದೆ, ಉಪ್ಪುನೀರಿನಲ್ಲಿ ಸೋಪು ಕರಗದೆ ಬೇರೆ ಆಗುತ್ತದೆ. ಬಟ್ಟೆಯಲ್ಲಿ ಹಿಂಡಿ ಅಚ್ಚಿಗೆ ಒತ್ತಿದೆ. ನಿಂಬೆ ಗಾತ್ರದ ಎರಡು ಉಂಡೆ. ಎರಡು ದಿನದ ದುಡಿಮೆಗೆ ಅಷ್ಟೇ.

ಕೈ ತೊಳೆದರೆ ಕೊಳೆ ಹೋಯ್ತು ನಿಜ. ಆದರೆ ಚರ್ಮ ಬಿಗಿದ ಹಾಗಾಯಿತು. ಇಲ್ಲೇ ನನಗೆ ಒಂದು ವಿಷಯ ಅರ್ಥವಾದದ್ದು. ಬೂದಿಯ ಕಸುವು ಮರದಿಂದ ಮರಕ್ಕೆ ಬೇರೆ. ಸುರಿದ ನೀರು ಬೇರೆ, ಕುದಿಸಿದ ಹೊತ್ತು ಬೇರೆ. ಮೊಟ್ಟೆ ತೇಲಿತು ಅಂದರೆ ನೀರು ಗಟ್ಟಿಯಾಗಿದೆ ಅಂತ ಗೊತ್ತಾಗುತ್ತದೆಯೇ ಹೊರತು ಅದರಲ್ಲಿ ಎಷ್ಟು ಗ್ರಾಂ ಕ್ಷಾರ ಇದೆ ಅಂತ ಗೊತ್ತಾಗುವುದಿಲ್ಲ. ಎಷ್ಟೋ ತಲೆಮಾರು ಜನ ಹೀಗೆ ಕೈಯಂದಾಜಿನಲ್ಲೇ ಸೋಪು ಮಾಡಿದ್ದಾರೆ. 1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂ ಅಡುಗೆ ಉಪ್ಪಿನಿಂದ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಬೂದಿಯನ್ನೇ ನಂಬಿಕೊಂಡಿರುವ ಅಗತ್ಯ ಕಡಿಮೆಯಾಗುತ್ತಾ ಬಂತು. ಎಣ್ಣೆ ಅಂದರೆ ಗ್ಲಿಸರಿನ್ನಿಗೆ ಅಂಟಿಕೊಂಡ ಕೊಬ್ಬಿನ ಆಮ್ಲಗಳು, ಕ್ಷಾರ ಅವನ್ನು ಬಿಡಿಸಿ ಸೋಪು ಮಾಡುತ್ತದೆ ಅನ್ನುವುದನ್ನು ಶೆವ್ರಲ್ ಅನ್ನುವ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಬಿಡಿಸಿ ಹೇಳಿದ್ದು, 1823ರಲ್ಲಿ ಅವರ ಪುಸ್ತಕ ಬಂತು. ಅಲ್ಲಿಯವರೆಗೆ ಒಳಗೆ ನಡೆಯುವುದು ಏನು ಅಂತ ಗೊತ್ತಿಲ್ಲದೆಯೇ ಜನ ಇಷ್ಟು ಒಳ್ಳೆಯ ಸೋಪು ಮಾಡಿದ್ದಾರಲ್ಲ, ಅದು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ಹಾಗಾಗಿ ಎರಡನೇ ಪ್ರಯತ್ನಕ್ಕೆ ಬೂದಿ ಬಿಟ್ಟು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ತಂದೆ. ಇನ್ನು ಮುಂದೆ ಸೋಡಾ ಅಂದರೆ ಇದೇ. ಅಕ್ಕ ಡಬ್ಬಿ ನೋಡಿ ಗಾಬರಿಯಾದಳು. "ನ್ಯಾಚುರಲ್ ಸೋಪು ಅಂತೀಯ, ಇದನ್ನ ಹಾಕ್ತೀಯಾ? ಇದು ಮೈಗೆ ಹಚ್ಕೊಳ್ಳೋದಾ?" ಅಂದಳು. ಕೇಳಬೇಕಾದ ಪ್ರಶ್ನೆಯೇ. ಕ್ಷಾರ ಇಲ್ಲದೆ ಸೋಪಿಲ್ಲ, ಯಾವ ಸೋಪೂ ಇಲ್ಲ. ಆದರೆ ಅಳತೆ ಸರಿಯಾಗಿದ್ದರೆ, ಕೆಲಸ ಮುಗಿದ ಸೋಪಿನಲ್ಲಿ ಆ ಸೋಡಾ ಸೋಡಾ ಆಗಿ ಉಳಿದಿರುವುದಿಲ್ಲ. ಎಣ್ಣೆಯೂ ಪೂರ್ತಿ ಎಣ್ಣೆಯಾಗಿ ಉಳಿದಿರುವುದಿಲ್ಲ. ಎರಡೂ ಸೇರಿ ಸೋಪು ಮತ್ತು ಗ್ಲಿಸರಿನ್ ಆಗಿರುತ್ತದೆ. ಮನೆ ಸೋಪಿನಲ್ಲಿ ಆ ಗ್ಲಿಸರಿನ್ ಒಳಗೇ ಉಳಿಯುತ್ತದೆ, ಕೈಗೆ ಮೆತ್ತಗೆ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಒಂದು ಮಾತು ಮಾತ್ರ ನೆನಪಿಡಿ, ಚರಂಡಿ ಪೈಪಿಗೆ ಹಾಕುವ ಪುಡಿಗಳಲ್ಲಿ ಬೇರೆ ಏನೇನೋ ಸೇರಿರಬಹುದು, ಅದು ಬೇಡ. ಬರೀ ಸೋಡಿಯಂ ಹೈಡ್ರಾಕ್ಸೈಡ್ ಇರುವುದೇ ಆಗಬೇಕು.

ಇನ್ನು ಲೆಕ್ಕ. ಒಂದೊಂದು ಎಣ್ಣೆಗೆ ಬೇಕಾಗುವ ಸೋಡಾ ಬೇರೆ ಬೇರೆ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ, ಆಲಿವ್ ಎಣ್ಣೆಗೆ 0.135, ಹರಳೆಣ್ಣೆಗೆ 0.128. ನಾನು ಇಟ್ಟುಕೊಂಡದ್ದು ಆಲಿವ್ 600 ಗ್ರಾಂ, ತೆಂಗಿನೆಣ್ಣೆ 300 ಗ್ರಾಂ, ಹರಳೆಣ್ಣೆ 100 ಗ್ರಾಂ. ತೆಂಗಿನೆಣ್ಣೆ ಗಟ್ಟಿತನಕ್ಕೆ ಮತ್ತು ನೊರೆಗೆ, ಆಲಿವ್ ಮೃದುತನಕ್ಕೆ, ಹರಳೆಣ್ಣೆ ಆ ನೊರೆ ನಿಲ್ಲುವುದಕ್ಕೆ. ತೆಂಗಿನೆಣ್ಣೆ ಜಾಸ್ತಿ ಆದರೆ ಕೊಳೆ ಜೊತೆಗೆ ಚರ್ಮದ ಎಣ್ಣೆಯನ್ನೂ ಎಳೆದುಬಿಡುತ್ತದೆ, ಅದಕ್ಕೇ ಮೂರನೇ ಒಂದು ಪಾಲಿಗಿಂತ ಕಡಿಮೆ ಇಟ್ಟೆ. ಕೂಡಿಸಿದರೆ 148.7 ಗ್ರಾಂ ಸೋಡಾ ಬೇಕು. ಪೂರ್ತಿ ಹಾಕುವುದಿಲ್ಲ, ನೂರಕ್ಕೆ ಐದು ಪಾಲು ಕಡಿಮೆ ಮಾಡುತ್ತಾರೆ, ಅಷ್ಟು ಎಣ್ಣೆ ಸೋಪಾಗದೆ ಉಳಿಯಲಿ, ಚರ್ಮಕ್ಕೆ ಹಿತವಾಗಿರಲಿ ಅಂತ. ಹಾಗಾಗಿ 141 ಗ್ರಾಂ. ನೀರು ಅದರ ಎರಡರಷ್ಟು, 282 ಗ್ರಾಂ.

ಲೆಕ್ಕ ಸರಿ ಇತ್ತು. ಸೋಡಾವನ್ನು ತಕ್ಕಡಿಯಲ್ಲಿ ತೂಗಿದೆ. ಎಣ್ಣೆಯನ್ನು ಮಾತ್ರ ಅಳತೆ ಜಾಡಿಯಲ್ಲಿ, ಗೆರೆ ನೋಡಿಕೊಂಡು 600, 300, 100 ಅಂತ ಸುರಿದೆ. ತಪ್ಪಾದದ್ದು ಅಲ್ಲೇ. ಆದರೆ ಅವತ್ತು ಗೊತ್ತಾಗಲಿಲ್ಲ.

ಸೋಡಾ ನೀರು ಕಲಸುವುದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಯಾವಾಗಲೂ ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಲೇಬಾರದು. ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯಬಹುದು. ಕಿಟಕಿ ಬಾಗಿಲು ತೆಗೆದಿರಬೇಕು, ಕನ್ನಡಕ, ಗ್ಲೌಸು, ತುಂಬು ತೋಳಿನ ಬಟ್ಟೆ. ಮಕ್ಕಳು, ಸಾಕು ಪ್ರಾಣಿಗಳು ಹತ್ತಿರ ಬೇಡ. ತಣ್ಣೀರಿಗೆ ಚೂರು ಚೂರೇ ಹಾಕಿ ಕಲಕುತ್ತಿದ್ದ ಹಾಗೆ ಒಲೆ ಇಲ್ಲದೆಯೇ ಪಾತ್ರೆ ಬಿಸಿಯಾಯಿತು. ಥರ್ಮಾಮೀಟರ್ 80 ಡಿಗ್ರಿ ದಾಟಿತು. ಮೊದಲು ಹಾಲಿನ ಹಾಗೆ ಮಸುಕು, ಆಮೇಲೆ ನಿಧಾನಕ್ಕೆ ತಿಳಿ. ಏಳುವ ಹಬೆ ಮೂಗಿಗೆ ತಾಗಿದರೆ ಗಂಟಲು ಹಿಡಿಯುತ್ತದೆ, ಮುಖ ಪಕ್ಕಕ್ಕೆ ಇಟ್ಟುಕೊಳ್ಳಿ. ಪಾತ್ರೆ ಸ್ಟೀಲಿನದ್ದೋ ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್ಕಿನದ್ದೋ ಆಗಿರಲಿ. ಅಲ್ಯೂಮಿನಿಯಂ ಮುಟ್ಟಿಸಲೇಬೇಡಿ, ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಗ್ಲೌಸು ಮತ್ತು ತೋಳಿನ ನಡುವೆ ಮಣಿಕಟ್ಟಿನ ಒಂದು ಬೆರಳಗಲ ಜಾಗ ಬಿಟ್ಟುಹೋಗಿತ್ತು, ಒಂದು ಹನಿ ಅಲ್ಲೇ ಬಿತ್ತು. ಮೊದಲು ಏನೂ ಅನ್ನಿಸಲಿಲ್ಲ, ಅರ್ಧ ನಿಮಿಷದಲ್ಲಿ ತುರಿಕೆ, ಆಮೇಲೆ ಉರಿ. ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ಹಿಡಿದೆ. ವಿನೆಗರ್ ಹಾಕು ಅಂತ ಹೇಳುವವರಿದ್ದಾರೆ, ಗಾಯದ ಮೇಲೆ ಅದನ್ನು ಹಾಕಬಾರದು, ಬರೀ ನೀರು, ಜಾಸ್ತಿ ನೀರು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಡಾಕ್ಟರ ಹತ್ತಿರ ಹೋಗುವ ವ್ಯವಸ್ಥೆ ಮಾಡಬೇಕು. ನನ್ನ ಮಣಿಕಟ್ಟಿನ ಗುರುತು ಮೂರು ವಾರ ಇತ್ತು.

ಸೋಡಾ ನೀರು ಆರಿ 40 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ, ಅದೇ ಬಿಸಿಯಲ್ಲಿದ್ದ ಎಣ್ಣೆಗೆ ಸಣ್ಣ ಧಾರೆಯಾಗಿ ಹಾಕಿದೆ. ಹ್ಯಾಂಡ್ ಬ್ಲೆಂಡರಿನಿಂದ ಸ್ವಲ್ಪ ತಿರುಗಿಸುವುದು, ನಿಲ್ಲಿಸಿ ಕೈಯಿಂದ ಕಲಕುವುದು, ಮತ್ತೆ ತಿರುಗಿಸುವುದು. ಹಸಿರು ಮಿಶ್ರಿತ ಚಿನ್ನದ ಬಣ್ಣ ಇದ್ದದ್ದು ಮಸುಕಾಯಿತು, ಕೆನೆ ಬಣ್ಣಕ್ಕೆ ಬಂತು. ಸೌಟಿನಿಂದ ಮೇಲೆ ಒಂದು ಎಳೆ ಬಿಟ್ಟರೆ ಆ ಗೆರೆ ಮುಳುಗದೆ ಮೇಲೆಯೇ ನಿಂತಿತು. ಇದಕ್ಕೆ ಟ್ರೇಸ್ ಅಂತಾರೆ. ಎಣ್ಣೆ ಮತ್ತು ನೀರು ಇನ್ನು ಬೇರೆಯಾಗುವುದಿಲ್ಲ ಅಂತ ಅರ್ಥ. ಬೂದಿ ನೀರಿನ ಜೊತೆ ಒಂದು ಮಧ್ಯಾಹ್ನ ಗುದ್ದಾಡಿದ ನನಗೆ ಇದು ಏಳೆಂಟು ನಿಮಿಷದಲ್ಲಿ ಆದದ್ದು ನೋಡಿ ನಂಬಲಿಕ್ಕಾಗಲಿಲ್ಲ.

ಈ ಮಿಶ್ರಣದ ಸ್ವಲ್ಪ ಭಾಗಕ್ಕೆ ಅರಿಶಿನ ಹಾಕಿದ್ದೆ, ಹಳದಿ ಬರಲಿ ಅಂತ. ಕ್ಷಾರಕ್ಕೆ ಬಿದ್ದ ಕೂಡಲೇ ಅದು ಇಟ್ಟಿಗೆಯ ಹಾಗೆ ಕೆಂಪಾಯಿತು! ದಿನ ಕಳೆದ ಹಾಗೆ ಇಳಿದು ತೆಳು ಕಿತ್ತಳೆಗೆ ನಿಂತಿತು. ಹಸಿರು ಎಲೆ ಹಾಕಿದರೂ ಇದೇ ಕಥೆ, ಹಸಿರು ಉಳಿಯುವುದಿಲ್ಲ, ಕಂದಾಗುತ್ತದೆ. ಹಾಗಾಗಿ ಮೊದಲ ಸಲ ಮಾಡುವವರು ಬಣ್ಣ, ಸುವಾಸನೆ ಯಾವುದೂ ಇಲ್ಲದೆ ಬೆಳ್ಳಗೆ ಮಾಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸೋಪು ಹೇಗೆ ನಡೆದುಕೊಳ್ಳುತ್ತದೆ ಅಂತ ಮೊದಲು ಕಣ್ಣಿಗೆ ರೂಢಿಯಾಗಲಿ.

ಅಚ್ಚಿಗೆ ಸುರಿದು, ಮುಚ್ಚಿ, ಮೇಲೆ ದಪ್ಪ ಟವೆಲ್ ಹೊದಿಸಿದೆ. ಎರಡು ಗಂಟೆ ಬಿಟ್ಟು ಮುಟ್ಟಿದರೆ ಅಚ್ಚು ಬೆಚ್ಚಗೆ, ನಡುಭಾಗ ವ್ಯಾಸಲೀನ್ ಹಾಗೆ ಅರೆ ಪಾರದರ್ಶಕ. ಆ ಬಿಸಿ ಹೊರಗಿನದ್ದಲ್ಲ, ಸೋಪಾಗುವಾಗ ತಾನೇ ಹುಟ್ಟುವ ಬಿಸಿ. ಮರುದಿನ ಹೊರಗೆ ತೆಗೆದು ಚಾಕುವಿನಿಂದ ಕತ್ತರಿಸಿದೆ. ಅಂಚು ನೀಟಾಗಿ ಬಂತು. ನೋಡಲಿಕ್ಕೆ ಎಷ್ಟು ಚೆನ್ನಾಗಿತ್ತು ಅಂದರೆ ಹತ್ತು ಜನರಿಗೆ ಫೋಟೋ ಕಳಿಸಿದೆ.

ನಾಲ್ಕು ದಿನ ಬಿಟ್ಟು ಪರೀಕ್ಷೆ. ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ, ಆ ನೊರೆಯನ್ನು ನಾಲಿಗೆ ತುದಿಗೆ ಸ್ವಲ್ಪ ತಾಗಿಸಿ ನೋಡುವುದು. ಬರೀ ಸೋಪಿನ ರುಚಿ ಬಂದರೆ ಸರಿ. ಬ್ಯಾಟರಿಗೆ ನಾಲಿಗೆ ಮುಟ್ಟಿಸಿದ ಹಾಗೆ ಚುರ್ ಅಂದರೆ ಒಳಗೆ ಸೋಡಾ ಉಳಿದಿದೆ. ನನ್ನದು ಚುರ್ ಅಂತು. ಬಾಯಿ ತೊಳೆದುಕೊಂಡು ಇನ್ನೊಂದು ತುಂಡು ನೋಡಿದೆ. ಅದೂ ಹಾಗೇ. ವಾರ ಬಿಟ್ಟು ನೋಡಿದೆ, ಅದೇ.

ಲೆಕ್ಕವನ್ನು ಮೂರು ಸಲ ಮಾಡಿದೆ, ಮೂರು ಸಲವೂ 141 ಬಂತು. ತಕ್ಕಡಿಯೇ ಕೆಟ್ಟಿದೆ ಅಂದುಕೊಂಡು, ಪರೀಕ್ಷೆ ಮಾಡೋಣ ಅಂತ ಖಾಲಿ ಜಾಡಿ ಇಟ್ಟು ಸೊನ್ನೆ ಮಾಡಿ 100 ಮಿಲಿ ನೀರು ಹಾಕಿದೆ. 100 ಗ್ರಾಂ ತೋರಿಸಿತು. ತಕ್ಕಡಿ ಸರಿ ಇದೆ. ಪಕ್ಕದಲ್ಲಿ ಎಣ್ಣೆ ಬಾಟಲಿ ಇತ್ತು, ಸುಮ್ನೆ ಅದನ್ನೂ 100 ಮಿಲಿ ಹಾಕಿದೆ. 92 ಗ್ರಾಂ.

ಎಣ್ಣೆ ನೀರಿಗಿಂತ ಹಗುರ. ನೀರಿನ ಮೇಲೆ ತೇಲುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು, ನನಗೂ ಗೊತ್ತು. ಆದರೆ ಜಾಡಿಯ ಗೆರೆ ನೋಡಿ 1000 ಮಿಲಿ ಸುರಿಯುವಾಗ ಅದು ಬರೀ 920 ಗ್ರಾಂ ಅಂತ ಹೊಳೆಯಲಿಲ್ಲ. 80 ಗ್ರಾಂ ಎಣ್ಣೆ ಕಡಿಮೆ. ಉಳಿಯಲಿ ಅಂತ ಬಿಟ್ಟ ಐದು ಪಾಲು ಎಣ್ಣೆ ಪೂರ್ತಿ ಹೋಗಿ, ಮೇಲೆ ನಾಲ್ಕು ಗ್ರಾಂನಷ್ಟು ಸೋಡಾ ತಿನ್ನಲು ಎಣ್ಣೆ ಸಿಗದೆ ಸೋಪಿನೊಳಗೆ ಕೂತಿತ್ತು. ನಾಲ್ಕೇ ಗ್ರಾಂ. ನಾಲಿಗೆ ಅದನ್ನು ಹಿಡಿಯಿತು.

ಕಾರಣ ಗೊತ್ತಾದ ಮೇಲೆ ದಾರಿಯೂ ಸಿಕ್ಕಿತು. ಗ್ಲೌಸು ಹಾಕಿಕೊಂಡು ಎಲ್ಲ ಸೋಪನ್ನೂ ತುರಿಮಣೆಯಲ್ಲಿ ತುರಿದೆ. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಕೂರಿಸಿ, ತುರಿಗೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿಟ್ಟು ಕರಗಿಸಿದೆ. ಆಮೇಲೆ ಕಡಿಮೆಯಾಗಿದ್ದ 80 ಗ್ರಾಂ ಎಣ್ಣೆಯನ್ನು, ಈ ಸಲ ತೂಗಿ, ಅದೇ ಪ್ರಮಾಣದಲ್ಲಿ ಹಾಕಿದೆ. ಒಂದೂವರೆ ಗಂಟೆ ನಡುನಡುವೆ ಕಲಕುತ್ತಾ ಇದ್ದೆ. ಬೆಂದ ಆಲೂಗಡ್ಡೆ ಕಿವುಚಿದ ಹದಕ್ಕೆ ಬಂತು, ಅಚ್ಚಿಗೆ ಒತ್ತಿ ಒತ್ತಿ ತುಂಬಿದೆ. ಎರಡು ದಿನ ಬಿಟ್ಟು ನಾಲಿಗೆಗೆ ತಾಗಿಸಿದೆ. ಬರೀ ಸೋಪಿನ ರುಚಿ. ಚುರ್ ಇಲ್ಲ. ಆ ಸೋಪು ನೋಡಲಿಕ್ಕೆ ಒರಟು, ಮೈಯೆಲ್ಲ ಗಂಟು, ಅರಿಶಿನದ ತುಂಡೂ ಬೆಳ್ಳಗಿನದ್ದೂ ಬೆರೆತು ಮಚ್ಚೆ ಮಚ್ಚೆ. ಕೈಗೆ ಮಾತ್ರ ಬಹಳ ಹಿತ.

ಆಮೇಲೆ ಹೊಸದಾಗಿ ಇನ್ನೊಂದು ಸಲ ಮಾಡಿದೆ, ನೀರಿನಿಂದ ಹಿಡಿದು ಎಲ್ಲವನ್ನೂ ಗ್ರಾಂನಲ್ಲೇ ತೂಗಿ. ಈ ಸಲ ಒಂದೇ ಒಂದು ಹೆದರಿಕೆ ಆಯ್ತು. ತೆಂಗಿನೆಣ್ಣೆ ಸ್ವಲ್ಪ ತಣ್ಣಗಾಗಿ ಹೆಪ್ಪುಗಟ್ಟುವುದರಲ್ಲಿತ್ತು, ಎರಡೇ ನಿಮಿಷಕ್ಕೆ ಎಲ್ಲ ದಪ್ಪ ಆಯ್ತು. ಟ್ರೇಸ್ ಬಂತು ಅಂದುಕೊಂಡು ಸುರಿಯಲು ಹೊರಟೆ. ಅದು ಟ್ರೇಸ್ ಅಲ್ಲ, ಬರೀ ಎಣ್ಣೆ ಗಟ್ಟಿಯಾದದ್ದು. ಹಾಗೇ ಸುರಿದಿದ್ದರೆ ಅಚ್ಚಿನಲ್ಲಿ ಬೇರೆಯಾಗುತ್ತಿತ್ತು. ಪಾತ್ರೆಯ ಅಂಚಿನಲ್ಲಿ ಎಣ್ಣೆಯ ಜಿಡ್ಡಿನ ಗೆರೆ ಕಂಡದ್ದರಿಂದ ಅನುಮಾನ ಬಂತು, ಸ್ವಲ್ಪ ಬೆಚ್ಚಗೆ ಮಾಡಿ ಮತ್ತೆ ತಿರುಗಿಸಿದೆ, ಆಗ ನಿಜವಾದ ಟ್ರೇಸ್ ಬಂತು.

ಕತ್ತರಿಸಿದ ಸೋಪನ್ನು ಒಂದಕ್ಕೊಂದು ತಾಗದ ಹಾಗೆ ಜಾಲರಿಯ ಮೇಲೆ, ನೆರಳಿನಲ್ಲಿ, ಗಾಳಿ ಆಡುವ ಕಡೆ ಜೋಡಿಸಿದೆ. ಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿತ್ತು. ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೊರಮೈಯ ಸೋಡಾಕ್ಕೆ ತಾಗಿ ಆಗುವಂಥದ್ದು, ತೊಂದರೆ ಏನಿಲ್ಲ, ಒರೆಸಿದರೆ ಹೋಗುತ್ತದೆ. ಕ್ಷಾರದ ಕೆಲಸ ಹೆಚ್ಚು ಕಡಿಮೆ ಮೊದಲ ಎರಡು ದಿನದಲ್ಲೇ ಮುಗಿದಿರುತ್ತದೆ, ಹಾಗಿದ್ದೂ ನಾಲ್ಕರಿಂದ ಆರು ವಾರ ಕಾಯಬೇಕು, ಏಕೆಂದರೆ ನೀರು ಹೋಗಬೇಕು, ಸೋಪು ಬಲಿಯಬೇಕು. ಎರಡನೇ ವಾರದಲ್ಲಿ ತಡೆಯಲಾಗದೆ ಒಂದು ತುಂಡು ಉಪಯೋಗಿಸಿದೆ, ನೊರೆ ಕಡಿಮೆ, ಮುಟ್ಟಿದರೆ ಲೋಳೆ ಲೋಳೆ, ನಾಲ್ಕು ದಿನಕ್ಕೆ ಕರಗಿಹೋಯಿತು. ಅದೇ ಅಚ್ಚಿನ ಇನ್ನೊಂದು ತುಂಡು ಆರನೇ ವಾರದಲ್ಲಿ ತೆಗೆದರೆ ಒಂದನ್ನೊಂದು ತಟ್ಟಿದಾಗ ಟಕ್ ಅನ್ನುತ್ತಿತ್ತು, ನೊರೆ ಕೆನೆ ಹಾಗೆ, ಮೂರು ವಾರ ಬಂತು.

ಒಂದು ತುಂಡಿಗೆ ಚೀಟಿ ಅಂಟಿಸಿ ಪ್ರತಿ ಭಾನುವಾರ ತೂಗುತ್ತಿದ್ದೆ. ಕತ್ತರಿಸಿದ ದಿನ 118 ಗ್ರಾಂ. ಮೊದಲ ಎರಡು ವಾರ ಬೇಗ ಬೇಗ ಇಳಿಯಿತು, ಆಮೇಲೆ ಒಂದೊಂದೇ ಗ್ರಾಂ. ಆರನೇ ಭಾನುವಾರ 103. ಏಳನೇ ಭಾನುವಾರವೂ 103. ಅವತ್ತು ಅಕ್ಕ ಬಂದಿದ್ದಳು. ತಕ್ಕಡಿ ಮೇಲಿದ್ದ ಅದೇ ತುಂಡನ್ನು ಎತ್ತಿಕೊಂಡು, ಕೈ ಒದ್ದೆ ಮಾಡಿ ನೊರೆ ಬರಿಸಿ, ಮುಖ ತೊಳೆದುಕೊಂಡು ಬಂದಳು. "ಉರಿ ಏನಿಲ್ಲ ಕಣೇ" ಅಂದಳು. ಆಮೇಲೆ ಜಾಲರಿಯ ಮೇಲಿದ್ದ ಇನ್ನೆರಡನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು.